ಮೆಮೊರಿ ಹೆಚ್ಚಿಸಿದ ಮೇಲೆ ಕುರುಡಾದ ಅಕ್ಕಿ ಮಷೀನು

ದಾವಣಗೆರೆ ಹತ್ತಿರದ ಒಂದು ರೈಸ್ ಮಿಲ್‌ನಿಂದ ಫೋನ್ ಬಂತು. ಬಣ್ಣ ನೋಡಿ ಅಕ್ಕಿ ಆರಿಸುವ ಮಷೀನು ಕಪ್ಪಕ್ಕಿಯ ಜೊತೆ ಒಳ್ಳೆ ಸೋನಾ ಮಸೂರಿಯನ್ನೂ ಗಾಳಿ ಊದಿ ರಿಜೆಕ್ಟ್ ಚೀಲಕ್ಕೆ ತಳ್ಳುತ್ತಿತ್ತು. ಹಿಂದಿನ ದಿನ ಮಾಡಿದ್ದು ಒಂದೇ ಕೆಲಸ: ಕಂಪ್ಯೂಟರಿನ 2 ಜಿಬಿ ರ‍್ಯಾಮ್ ತೆಗೆದು 8 ಜಿಬಿ ಹಾಕಿದ್ದರು.

"ಮೆಮೊರಿ ಜಾಸ್ತಿ ಮಾಡಿದ್ರೆ ಮಷೀನ್ ಕಣ್ಣು ಹೋಗ್ತಾವೇನ್ರೀ ಸರ?" ಎಂದರು ಮಾಲೀಕರು. ನಾನು ನಕ್ಕೆ. ನಗಬಾರದಿತ್ತು.

ಕ್ಯಾಮೆರಾ, ಲೈಟು, ವೈರು ಎಲ್ಲಾ ಸರಿ ಇದ್ದವು. ಚಿತ್ರ ಮಾತ್ರ ಪೂರ್ತಿ ಕಪ್ಪು. ಹಾಗಾಗಿ ಮಷೀನಿನ ಲೆಕ್ಕದಲ್ಲಿ ಎಲ್ಲವೂ ಕಪ್ಪಕ್ಕಿಯೇ. ಕಂಪ್ಯೂಟರ್ ನಡೆಸುವ ಲಿನಕ್ಸ್‌ನ ತಿರುಳಾದ ಕರ್ನಲ್‌ನ ಲಾಗ್‌ನಲ್ಲಿ ಒಂದು ಎರರ್ ಕೂಡ ಇಲ್ಲ, ಆದರೆ 'ಸಾಫ್ಟ್‌ವೇರ್ ಬೌನ್ಸ್ ಬಫರಿಂಗ್' ಎಂಬ ಸಾಲೊಂದಿತ್ತು. ಅಲ್ಲಿ ಅನುಮಾನ ಬಂತು. ಬೂಟ್ ಸಾಲಿಗೆ ಮೆಮ್=3ಜಿ, ಅಂದರೆ 3 ಜಿಬಿ ಮೆಮೊರಿಯಷ್ಟೇ ಬಳಸು, ಎಂದು ಸೇರಿಸಿದೆ. ಚಿತ್ರ ಬಂತು! ಆ ರಾತ್ರಿ ಮಿಲ್ ಓಡಿತು.

ಕ್ಯಾಮೆರಾದ ಚಿತ್ರವನ್ನು ತಾನೇ ನೇರ ಮೆಮೊರಿಗೆ ಬರೆಯುವ (ಇದಕ್ಕೆ ಡಿಎಂಎ ಎನ್ನುತ್ತಾರೆ) ಆ ಹಳೇ ಪಿಸಿಐ ಕಾರ್ಡು 32 ಬಿಟ್‌ನಷ್ಟೇ ವಿಳಾಸ ಹೇಳಬಲ್ಲದು. ಅಂದರೆ 4 ಜಿಬಿಯಿಂದ ಆಚೆಗಿನ ಮೆಮೊರಿ ಅದರ ಪಾಲಿಗೆ ಇಲ್ಲವೇ ಇಲ್ಲ. ಬಫರ್, ಅಂದರೆ ಚಿತ್ರಕ್ಕೆಂದು ಇಟ್ಟ ಮೆಮೊರಿ, ಮೇಲೆಲ್ಲೋ ಇದ್ದರೆ ಕರ್ನಲ್ ಕೆಳಗೆ ಒಂದು ತಾತ್ಕಾಲಿಕ ಜಾಗ ಕೊಡುತ್ತದೆ. ಲಾಗ್‌ನಲ್ಲಿದ್ದ ಬೌನ್ಸ್ ಬಫರಿಂಗ್ ಇದೇ. ಇದಕ್ಕೆಂದು ಸಾಮಾನ್ಯವಾಗಿ 64 ಎಂಬಿ ತೆಗೆದಿಟ್ಟಿರುತ್ತದೆ. ಚೌಕಿಪೇಟೆಯ ಓಣಿಗೆ ಲಾರಿ ನುಗ್ಗದಿದ್ದರೆ ಮಾಲನ್ನು ಮೇನ್ ರೋಡಲ್ಲಿ ಇಳಿಸಿ ಹಮಾಲರ ಕೈಲಿ ಹೊರಿಸುತ್ತಾರಲ್ವಾ, ಹಾಗೆ. ಆದರೆ ಹಮಾಲರನ್ನು ಕರೆಯಬೇಕು. ಕಾರ್ಡನ್ನು ನಡೆಸುವ ನಮ್ಮ ಡ್ರೈವರ್ ಪ್ರೋಗ್ರಾಮ್ ಒಮ್ಮೆ ಬಫರ್ ಮ್ಯಾಪ್ ಮಾಡಿ ಸುಮ್ನೆ ಕೂತಿತ್ತು. ಡಿಎಂಎ_ಸಿಂಕ್_ಸಿಂಗಲ್_ಫಾರ್_ಸಿಪಿಯು ಎಂದು ಕರೆದರೆ ತಾತ್ಕಾಲಿಕ ಜಾಗದ ಚಿತ್ರ ಬಫರಿಗೆ ನಕಲಾಗುತ್ತದೆ. ಹಾಗೆ ಕರೆಯುತ್ತಲೇ ಇರಲಿಲ್ಲ. 2 ಜಿಬಿ ಇದ್ದಾಗ ಕಾರ್ಡು ನೇರ ಬಫರಿಗೇ ಬರೆಯುತ್ತಿದ್ದರಿಂದ ತಪ್ಪು ಗೊತ್ತಾಗಲಿಲ್ಲ. ಈಗ ಚಿತ್ರವೆಲ್ಲಾ ಮೇನ್ ರೋಡಲ್ಲೇ ಬಿದ್ದಿತ್ತು. ಪ್ರೋಗ್ರಾಮ್ ಓದುತ್ತಿದ್ದದ್ದು ಮೊದಲೇ ಸೊನ್ನೆ ತುಂಬಿಟ್ಟ ಖಾಲಿ ಬಫರನ್ನು.

ಮಾರನೇ ದಿನ ಒಂದು ದಡ್ಡ ಕೆಲಸ ಮಾಡಿದೆ. ಈ ನಕಲಿನ ಗೋಜೇ ಬೇಡವೆಂದು ಮೆಮ್ ತೆಗೆದು, ಕಾರ್ಡಿಗೆ ಎಷ್ಟು ಬಿಟ್ ವಿಳಾಸ ಎಟುಕುತ್ತದೆ ಎಂದು ಕರ್ನಲ್‌ಗೆ ಹೇಳುವ ಡಿಎಂಎ ಮಾಸ್ಕನ್ನು 64 ಬಿಟ್ ಎಂದು ಬರೆದುಬಿಟ್ಟೆ. ಕರ್ನಲ್ ನನ್ನ ಮಾತು ನಂಬಿ ದೊಡ್ಡ ವಿಳಾಸ ಕೊಟ್ಟಿತು. ಕಾರ್ಡು ಮೇಲಿನ ಬಿಟ್‌ಗಳನ್ನು ಬಿಟ್ಟು, ಉಳಿದ ವಿಳಾಸದಲ್ಲಿ ಯಾರದೋ ಮೆಮೊರಿ ಮೇಲೆ ಅಕ್ಕಿಯ ಚಿತ್ರ ಬರೆಯಿತು. ಕಂಪ್ಯೂಟರ್ ಅಲ್ಲೇ ನಿಂತಿತು. ಫೈಲ್ ಸಿಸ್ಟಂ ರಿಪೇರಿಗೆ ಮಧ್ಯಾಹ್ನದವರೆಗೆ ಕೂತೆ. ಮಾಲೀಕರು ತರಿಸಿದ ಬೆಣ್ಣೆ ದೋಸೆ ಆರಿ ಅಪ್ಪಚ್ಚಿಯಾಯಿತು.

ಮತ್ತೆ ಮೆಮ್=3ಜಿ ಹಾಕಿ ಮನೆಗೆ ಬಂದೆ. ನನ್ನ ಬಳಿ ಇದ್ದ ಇನ್ನೊಂದು ಕಾರ್ಡನ್ನು 2 ಜಿಬಿ ಪಿಸಿಗೆ ಸಿಕ್ಕಿಸಿ, ಎಸ್‌ಡಬ್ಲ್ಯೂಐಒಟಿಎಲ್‌ಬಿ=ಫೋರ್ಸ್ ಎಂದು ಬೂಟ್ ಮಾಡಿದೆ. ಆಗ ಮೆಮೊರಿ ಎಷ್ಟೇ ಕಮ್ಮಿ ಇರಲಿ, ಎಲ್ಲವೂ ಆ ತಾತ್ಕಾಲಿಕ ಜಾಗದ ಮೂಲಕವೇ ಹೋಗಬೇಕು. ಅದೇ ಕಪ್ಪು ಚಿತ್ರ ಬಂತು. ಅಷ್ಟು ಖುಷಿ ಯಾವ ಒಳ್ಳೆ ಚಿತ್ರಕ್ಕೂ ಆಗಿರಲಿಲ್ಲ.

ಸಿಂಕ್ ಸೇರಿಸಿದೆ, ಸರಿಹೋಯಿತು. ಆದರೆ ಪ್ರತಿ ಚಿತ್ರಕ್ಕೂ ಒಂದು ನಕಲು, ಅದೂ ಬಿಡುವಿಲ್ಲದೆ ಓಡುವ ಮಷೀನಿಗೆ. ನನಗೆ ಒಪ್ಪಲಿಲ್ಲ. ಮಾಸ್ಕ್ ನಿಜವಾಗಿ 32 ಬಿಟ್ ಎಂದೇ ಹೇಳಿ, ಬಫರುಗಳನ್ನು ಡಿಎಂಎ_ಅಲೋಕ್_ಕೊಹೆರೆಂಟ್‌ನಿಂದ ಕೇಳಿದೆ. ಕಾರ್ಡಿಗೆ ಎಟುಕುವ ಮೆಮೊರಿಯನ್ನೇ ಕರ್ನಲ್ ಹುಡುಕಿ ಕೊಡುತ್ತದೆ, ನಕಲಿಲ್ಲ. ಉದ್ದನೆಯ ಅಖಂಡ ಜಾಗ ಆಮೇಲೆ ಸಿಗುವುದು ಕಷ್ಟ. ಅದಕ್ಕೆ ಡ್ರೈವರ್ ಲೋಡ್ ಆಗುವಾಗಲೇ ಹಿಡಿದಿಡುತ್ತೇನೆ. ಸಿಗದಿದ್ದರೆ ಅಲ್ಲೇ ಎರರ್ ಹೇಳಿ ನಿಲ್ಲುತ್ತದೆ, ಸುಮ್ನೆ ಅಕ್ಕಿ ಊದುವುದಿಲ್ಲ.