ಟ್ರೀ ಗಾರ್ಡ್ ಬಿಟ್ಟೆ, ಬಾರಿ ಕಂಟಿ ಹಿಡಿದೆ

'ಎಲ್ಲಾರೂ ಗುಂಡಿ ತೋಡಿ ಗಿಡಾ ಹಚ್ಚತಾರ, ನಮ್ಮ ಮಾಸ್ತರ ಕಂಟ್ಯಾಗ ಹಚ್ಚತಾರಂತ.' ಊರ ಕಟ್ಟೆಯ ಮೇಲೆ ಕೂತವರು ನಾನು ಕೇಳುವ ಹಾಗೇ ಹೇಳಿ ನಕ್ಕಿದ್ದರು. ಕಂಟಿ ಅಂದರೆ ಮುಳ್ಳು ಪೊದೆ, ಬಾರಿ ಕಂಟಿ ಅಂದರೆ ಬೋರೆ ಜಾತಿಯ ಮುಳ್ಳು ಪೊದೆ. ಈಗ ಅದೇ ಕಟ್ಟೆಯವರು 'ನಮ್ಮ ಬದುವಿಗೂ ನಾಕು ಬೀಜಾ ಹಾಕಸ್ರಿ ಸರ್' ಅಂತ ನಮ್ಮ ಮಕ್ಕಳನ್ನು ಕರೆಯುತ್ತಾರೆ. ಅದಕ್ಕೇ ಇದನ್ನು ಬರೆಯಲು ಕೂತೆ.

ನಮ್ಮದು ಗದಗ ಜಿಲ್ಲೆಯ ಕಪ್ಪತಗುಡ್ಡದ ಬುಡದಲ್ಲಿ, ಮುಂಡರಗಿ ತಾಲ್ಲೂಕಿನ ಹಳ್ಳಿ. ಕೆಂಪು ಗರಸು ನೆಲ, ಮಳೆ ಕಡಿಮೆ, ಆಡು ಜಾಸ್ತಿ. ಶಾಲೆಯಲ್ಲಿ ಇಕೋ ಕ್ಲಬ್ (ಪರಿಸರ ಸಂಘ) ನಡೆಸುವವರಿಗೆ ಗುಂಡಿ, ಗೊಬ್ಬರ, ವನಮಹೋತ್ಸವ ಎಲ್ಲ ಗೊತ್ತೇ ಇದೆ. ಅದನ್ನು ಬಿಡುತ್ತೇನೆ. ನಾನು ಸೋತದ್ದನ್ನು ಮೊದಲು ಹೇಳುತ್ತೇನೆ.

2017ರಲ್ಲಿ ಸುಮಾರು 200 ಸಸಿ ನೆಟ್ಟೆವು. ಊರವರ ಹತ್ತಿರ ಪಟ್ಟಿ ಎತ್ತಿ, ನನ್ನ ಕೈಯಿಂದಲೂ ಒಂದಿಷ್ಟು ಹಾಕಿ, 40 ಟ್ರೀ ಗಾರ್ಡ್ ತಂದೆ. ಹದಿನೆಂಟು ಸಾವಿರದ ಹತ್ತಿರ ಹೋಯಿತು. ಏಪ್ರಿಲ್‌ನಲ್ಲಿ ಶಾಲೆಗೆ ರಜೆ. ನೀರು ಹಾಕುವವರು ಯಾರು? ಜೂನ್‌ನಲ್ಲಿ ಬಂದು ನೋಡಿದರೆ ಏಳು ಸಸಿ ಉಳಿದಿದ್ದವು. ಗಾರ್ಡುಗಳು ಮಾತ್ರ ಗಟ್ಟಿಮುಟ್ಟಾಗಿದ್ದವು. ಎರಡು ಗಾರ್ಡು ಒಂದು ಮನೆಯ ಹಿತ್ತಲಲ್ಲಿ ಕೋಳಿಮರಿ ಮುಚ್ಚಲು ಸೇರಿಕೊಂಡಿದ್ದವು. ಕೋಳಿ ಬದುಕಿದವಲ್ಲ ಅಂತ ಸುಮ್ಮನಾದೆ.

ಮರುವರ್ಷ ಬೀಜದುಂಡೆ. ಮಣ್ಣು, ಸಗಣಿ ಕಲಸಿ ಮಕ್ಕಳು ಮೂರು ಸಾವಿರ ಉಂಡೆ ಕಟ್ಟಿದರು. ಗುಡ್ಡದ ಕೆಳಗಿನ ಹುಲ್ಲುಗಾವಲಿಗೆ ಹೋಗಿ ಕವಣೆಯಿಂದ ಬೀಸಿದ್ದೇ ಬೀಸಿದ್ದು. ಪೇಪರಿನಲ್ಲಿ ಫೋಟೊ ಬಂತು. ಹುಟ್ಟಿದ್ದು ಹನ್ನೊಂದು, ದೀಪಾವಳಿ ಹೊತ್ತಿಗೆ ಒಂದೂ ಇಲ್ಲ. ತಪ್ಪು ನನ್ನದೇ. ಬೇವಿನ ಬೀಜವನ್ನು ಹಿಂದಿನ ವರ್ಷದ ಚೀಲದಿಂದ ತಂದಿದ್ದೆ. ಬೇವು ಎರಡು ಮೂರು ವಾರದಲ್ಲೇ ಸತ್ತುಹೋಗುವ ಬೀಜ, ಅದನ್ನು ವರ್ಷ ಇಟ್ಟರೆ ಉಂಡೆಯೊಳಗೆ ಇದ್ದದ್ದು ಬರೀ ಕಸ. ಇನ್ನೊಂದು ತಪ್ಪನ್ನು ಒಬ್ಬ ಕುರಿಗಾಹಿ ಅಜ್ಜ ತೋರಿಸಿದರು. 'ಹುಲ್ಲಿನ ಜಾಗಾದಾಗ ಗಿಡಾ ಯಾಕ್ರಿ? ತ್ವಾಳಾ ನರಿ ಎಲ್ಲಿಗೆ ಹೋಗಬೇಕು?' ಆಮೇಲೆ ಹುಲ್ಲುಗಾವಲಿನ ಗೊಡವೆಗೆ ಹೋಗಿಲ್ಲ. ಗುಡ್ಡದೊಳಗೂ ಹೋಗುವುದಿಲ್ಲ. 2019ರಿಂದ ಅದು ವನ್ಯಜೀವಿ ಧಾಮ, ಅಲ್ಲಿ ನಮ್ಮಿಷ್ಟದಂತೆ ಬೀಜ ಎಸೆಯುವ ಹಾಗಿಲ್ಲ. ಬದು, ದಾರಿಬದಿ, ಶಾಲೆ ಹಿಂದಿನ ಬೀಳು ಜಾಗ, ಇಷ್ಟೇ ನಮ್ಮ ರಾಜ್ಯ.

2021ರ ಜುಲೈ. ಕೊರೋನಾದಿಂದ ಶಾಲೆ ಇನ್ನೂ ಮುಚ್ಚಿತ್ತು, ಮಕ್ಕಳು ಊರಲ್ಲೇ ತಿರುಗಿಕೊಂಡಿದ್ದರು. ಕುರಿ ಕಾಯುವ ಮನೆಯ ಹುಡುಗನೊಬ್ಬ, ಆಗ ಆರನೇ ಕ್ಲಾಸು, ನನ್ನನ್ನು ಕರೆದುಕೊಂಡು ಹೋಗಿ ಬಾರಿ ಕಂಟಿಯೊಂದರ ಮುಂದೆ ಕೂರಿಸಿದ. 'ಬಗ್ಗಿ ನೋಡ್ರಿ ಸರ್. ಆಡು ಮೂತಿ ಹಾಕಲಾರದ ಜಾಗಾದಾಗ ಹುಟ್ಟ್ಯಾವ.' ಕಂಟಿಯ ನಡುವೆ ಗೇಣುದ್ದದ ಮೂರು ಬೇವಿನ ಸಸಿ. ಹಣ್ಣು ತಿಂದ ಹಕ್ಕಿ ಅಲ್ಲಿ ಕೂತು ಉಗುಳಿದ್ದವು. ಬಾರಿ ಎಲೆಯನ್ನು ಆಡು ಬಿಡುವುದಿಲ್ಲ, ಆದರೆ ಹೊರಗಿನದನ್ನು ಮಾತ್ರ ತಿನ್ನುತ್ತದೆ. ಒಳಗೆ ಮುಳ್ಳು, ನೆರಳು, ಉದುರಿದ ಎಲೆಯ ತಂಪು. ಕಾಸಿಲ್ಲದ ಟ್ರೀ ಗಾರ್ಡು. ನಾನು ಹದಿನೆಂಟು ಸಾವಿರ ಸುರಿದಾಗ ಇದು ಕಣ್ಣಿಗೇ ಬಿದ್ದಿರಲಿಲ್ಲ ನೋಡಿ.

ಬೀಜವನ್ನು ಒಳಗೆ ಹಾಕುವುದೇ ದೊಡ್ಡ ಪ್ರಶ್ನೆ. ಮೊದಲ ದಿನವೇ ಒಂದು ಹುಡುಗಿಯ ಮೊಣಕೈ ತನಕ ಮುಳ್ಳು ಗೀರಿತು. ಸಂಜೆ ಅವಳ ತಾಯಿ ಮನೆಗೆ ಬಂದು ಬೈದು ಹೋದರು. ಬೈದದ್ದು ಸರಿಯೇ, ಕಂಟಿಯೊಳಗೆ ಹಾವೂ ಇರುತ್ತದೆ. ಮರುದಿನ ಬೋರ್‌ವೆಲ್ ಕೆಲಸದಲ್ಲಿ ಉಳಿದಿದ್ದ ಪಿವಿಸಿ ಪೈಪಿನ ತುಂಡು ತಂದೆ. ಮೊದಲು ಕೋಲಿನಿಂದ ಕಂಟಿಯನ್ನು ಬಡಿಯಬೇಕು, ನೂರು ಎಣಿಸಬೇಕು. ಆಮೇಲೆ ಉದ್ದನೆಯ ಸರಳಿನಿಂದ ಬುಡದಲ್ಲಿ ಎರಡು ಬೆರಳಿನ ಆಳಕ್ಕೆ ತೂತು. ಪೈಪನ್ನು ಆ ತೂತಿನ ಮೇಲೆ ಇಟ್ಟು ಮೂರು ಬೀಜ ಬಿಡುವುದು. ಟಕ್ ಟಕ್ ಅಂತ ಇಳಿದ ಸದ್ದು ಕೇಳಬೇಕು. ಹಿಂದೆಯೇ ಒಂದು ಹಿಡಿ ಜರಡಿ ಹಿಡಿದ ಮಣ್ಣು, ಪೈಪಿನ ತುದಿಯಿಂದಲೇ ಎರಡು ಗುದ್ದು. ಕೈ ಒಳಗೆ ಹೋಗುವುದೇ ಇಲ್ಲ. ಬೇವಿಗೆ ಒಂದು ಇಂಚಿನ ಪೈಪು ಸಾಕು. ಹೊಂಗೆ ಬೀಜ ಅದರಲ್ಲಿ ಸಿಕ್ಕಿಕೊಳ್ಳುತ್ತದೆ, ಒಂದೂವರೆ ಇಂಚಿನದು ಬೇಕು.

ಬೀಜ ಮಾತ್ರ ತಾಜಾ ಇರಬೇಕು. ಹಳದಿಯಾಗಿ ಬಿದ್ದ ಹಣ್ಣು ಆರಿಸಿ, ಬೂದಿ ಹಾಕಿ ಉಜ್ಜಿ ತೊಳೆದು, ನೆರಳಲ್ಲಿ ಎರಡು ದಿನ ಒಣಗಿಸಿ, ವಾರದೊಳಗೆ ನೆಲಕ್ಕೆ. ತೊಳೆಯುವ ನೀರಿಗೆ ನಾವು ಒಂದು ವಸ್ತು ಹಾಕುತ್ತೇವೆ, ಇರುವೆ ಹತ್ತಿರ ಬರುವುದಿಲ್ಲ. ಏನು ಅಂತ ಮಕ್ಕಳನ್ನು ಕೇಳಿ, ಅವರು ಹೇಳುವುದಿಲ್ಲ. ಕಂಟಿಯ ಯಾವ ಬದಿಗೆ ಬೀಜ ಬೀಳಬೇಕು ಅನ್ನುವುದೂ ಹಾಗೇ. ಮೂರು ಬೇಸಿಗೆ ಕಳೆದ ಮೇಲೆ ತಿಳಿದದ್ದು, ಅಷ್ಟು ಸುಲಭವಾಗಿ ಯಾಕೆ ಕೊಡಲಿ?

ಮೊದಲ ವರ್ಷ ಮೂವತ್ತು ಕಂಟಿ, ಬೇಸಿಗೆ ದಾಟಿ ಉಳಿದದ್ದು ಹತ್ತೊಂಬತ್ತು ಗಿಡ. ಒಂದು ಕೊಡ ನೀರೂ ಹಾಕಿರಲಿಲ್ಲ. 2022ರಲ್ಲಿ ನೂರರ ಮೇಲೆ ಕಂಟಿ ಹಿಡಿದೆವು. 2023ರ ಬರ ಅರ್ಧದಷ್ಟನ್ನು ತಿಂದಿತು. ಈಗ ಎಲ್ಲ ಸೇರಿ ತೊಂಬತ್ತು ಚಿಲ್ಲರೆ ಇರಬಹುದು, ಎತ್ತರದ್ದು ನನ್ನ ತಲೆ ದಾಟಿದೆ. ಇಷ್ಟು ವರ್ಷದ ಖರ್ಚು ಸಾವಿರದ ಇನ್ನೂರೋ ಮುನ್ನೂರೋ. ಅದರಲ್ಲಿ ಜಾಸ್ತಿ ಹೋದದ್ದು ಕಂಟಿಯ ಗುರುತಿನ ಕಲ್ಲಿನ ಮೇಲೆ ನಂಬರ್ ಬರೆಯುವ ಬಣ್ಣಕ್ಕೆ.

ಒಬ್ಬೊಬ್ಬ ಹುಡುಗನಿಗೆ, ಹುಡುಗಿಗೆ ಒಂದೊಂದು ಕಂಟಿ, ಒಂದು ವಹಿ. ಗಿಡ ಎಷ್ಟು ಗೇಣು, ಎಷ್ಟು ಬೆರಳು, ಬುಡದಲ್ಲಿ ಯಾವುದರ ಹಿಕ್ಕೆ, ಯಾವ ಹಕ್ಕಿ ಬಂತು, ಎಲ್ಲ ಬರೆಯಬೇಕು. ಯಾರ ಗೇಣು ಅನ್ನುವುದಕ್ಕೇ ಒಮ್ಮೆ ಹೊಡೆದಾಟವಾಯಿತು. ಕೊನೆಗೆ ಒಬ್ಬಳ ಗೇಣನ್ನು ಕೋಲಿಗೆ ಗುರುತು ಹಾಕಿ 'ಸರಕಾರಿ ಗೇಣು' ಅಂತ ಮಾಡಿದೆವು.

ಆಡಿನ ಹಿಕ್ಕೆಯ ಕಥೆಯನ್ನೂ ಹೇಳಿಬಿಡುತ್ತೇನೆ. ಆಡು ತಿಂದು ಹಾಕಿದ ಜಾಲಿ ಬೀಜ ಬೇಗ ಹುಟ್ಟುತ್ತದೆ ಅಂತ ಕೇಳಿದ್ದೆ. ಹಟ್ಟಿಯಿಂದ ಎರಡು ಬುಟ್ಟಿ ಹಿಕ್ಕೆ ತಂದು ಶಾಲೆಯ ಹಿಂದೆ ಮಡಿ ಮಾಡಿದೆವು. ಹುಟ್ಟಿತು, ದಟ್ಟವಾಗಿ ಹುಟ್ಟಿತು. ಎರಡು ತಿಂಗಳು ಹೆಮ್ಮೆಪಟ್ಟು ನೋಡಿದರೆ ಅಷ್ಟೂ ಬಳ್ಳಾರಿ ಜಾಲಿ, ಬೇರೆ ಗಿಡ ಬೆಳೆಯಲು ಬಿಡದ ಪರದೇಶಿ ಮುಳ್ಳುಗಿಡ! ಕಿತ್ತು ಮುಗಿಸಲು ಮೂರು ಶನಿವಾರ ಬೇಕಾಯಿತು. ಹುಣಸೆ ಬೀಜವನ್ನು ಇಲಿ ತೋಡಿ ತಿಂದವು. ಬನ್ನಿ ಗಿಡ ಪರವಾಗಿಲ್ಲ, ನಾಲ್ಕು ಎದ್ದಿವೆ. ದಸರಾದಲ್ಲಿ ಅವುಗಳ ಎಲೆಗೆ ಕೈ ಹಾಕಬಾರದು ಅಂತ ಮಕ್ಕಳೇ ಕಾವಲು ನಿಲ್ಲುತ್ತಾರೆ.

ನಡುವೆ ಒಂದು ಕಚೇರಿಯಿಂದ ಒಬ್ಬರು ನೋಡಲು ಬಂದರು. ಕಂಟಿಯೊಳಗೆ ಬಗ್ಗಿ ನೋಡಿ, 'ಚೆನ್ನಾಗಿದೆ, ಆದರೆ ಫೋಟೊಗೆ ಒಂದು ಗುಂಡಿ ತೆಗೆಸಿ' ಅಂದರು. ತೆಗೆಸಿದೆ. ಅದು ಹಾಗೇ ಖಾಲಿ ಇದೆ.

ನಿಜವಾದ ಹೊಡೆತ ಬಿದ್ದದ್ದು ಬೇಲಿಯಿಂದ. ಹೊಲದ ಬೇಲಿಗೆ ಯಾರೋ ಹದಿನಾಲ್ಕು ಕಂಟಿ ಕಡಿದು ಒಯ್ದರು, ಒಳಗಿದ್ದ ಗಿಡದ ಸಮೇತ. ಮಕ್ಕಳು ಅತ್ತರು. ಮರುವಾರ ಎಲ್ಲ ಕಂಟಿಗೂ ಹಳೆ ಸೀರೆಯ ಕೆಂಪು ಚೂರು ಕಟ್ಟಿದೆವು, ದೂರದಿಂದ ಗುರುತು ಸಿಗಲಿ ಅಂತ. ಊರವರು ಅದನ್ನು ದೇವರ ಕಂಟಿ ಅಂದುಕೊಂಡರು. ನಾವೇನೂ ಹಾಗೆ ಹೇಳಿರಲಿಲ್ಲ, ಅಲ್ಲ ಅಂತಲೂ ಹೇಳಲಿಲ್ಲ. ಆಮೇಲೆ ಒಂದೂ ಹೋಗಿಲ್ಲ.

ಮೊನ್ನೆ ಹೊಸ ಜಗಳ ಎದ್ದಿದೆ. ಮೊದಲ ವರ್ಷದ ಬೇವು ಕಂಟಿಯನ್ನು ಮೀರಿ ಬೆಳೆದಿವೆ. ಇನ್ನು ಕಂಟಿ ಕಡಿದರೆ ಗಿಡಕ್ಕೆ ಗಾಳಿ ಬೆಳಕು ಅಂತ ಅರ್ಧ ಮಕ್ಕಳು, ಬೇಡ ಅಂತ ಅರ್ಧ. ಆ ಕುರಿಗಾಹಿ ಹುಡುಗ ಈಗ ಹೈಸ್ಕೂಲು, ಆದರೂ ಭಾನುವಾರ ತನ್ನ ಏಳನೇ ನಂಬರಿನ ಕಂಟಿ ಅಳೆಯಲು ಬರುತ್ತಾನೆ. ಅವನನ್ನೇ ಕೇಳಿದೆ. ಬಗ್ಗಿ ನೋಡಿದ, ಬಾಯಿ ಮೇಲೆ ಬೆರಳಿಟ್ಟ. ಒಳಗೆ ಪಿಕಳಾರ ಹಕ್ಕಿ ಮೊಟ್ಟೆಯ ಮೇಲೆ ಕೂತಿತ್ತು. ಮರಿ ಹಾರುವ ತನಕ ಏಳನೇ ನಂಬರಿಗೆ ಯಾರೂ ಹೋಗುವಂತಿಲ್ಲ ಅಂತ ವಹಿಯಲ್ಲಿ ಅವನೇ ಬರೆದು ಹೋದ.