ಗೋಕರ್ಣಕ್ಕೆ ಹೊರಟವರನ್ನು ಕಾರವಾರದಲ್ಲಿ ಒಂದು ರಾತ್ರಿ ಉಳಿಸಿಕೊಂಡ ಬಗೆ

ಗೋವಾ ಗಡಿ ನಮ್ಮೂರಿಂದ ಸುಮಾರು 15 ಕಿಲೋಮೀಟರ್. ಗೋಕರ್ಣ ಸುಮಾರು 60. ಇವೆರಡರ ನಡುವೆ ಸಿಕ್ಕಿಕೊಂಡಿರುವುದೇ ಕಾರವಾರದ ಕಷ್ಟ. ಗೋವಾದಿಂದ ಬಂದ ಕಾರು ಕಾಳಿ ಸೇತುವೆ ದಾಟುತ್ತದೆ. ಟಾಗೋರ್ ಬೀಚಿನ ಹತ್ತಿರ ನಿಲ್ಲುತ್ತದೆ. ದಂಡೆಯಲ್ಲಿ ನೋಡಲು ಇಟ್ಟಿರುವ ಚಪಲ್ ಯುದ್ಧನೌಕೆಯ ಮುಂದೆ ಫೋಟೊ, ಒಂದು ಮೀನೂಟ, ಮತ್ತೆ ಗೋಕರ್ಣದ ದಾರಿ. ಮುರ್ಡೇಶ್ವರಕ್ಕೆ ಹೋಗುವ ಟೂರ್ ಬಸ್ಸಾದರೆ ಎಷ್ಟೋ ಸಲ ಊಟಕ್ಕೂ ನಿಲ್ಲುವುದಿಲ್ಲ.

ಕೋಡಿಬಾಗದ ನಮ್ಮ ಹಳೆ ಮನೆಯಲ್ಲಿ ಮೂರು ರೂಮು ಸರಿಮಾಡಿ ಹೋಂಸ್ಟೇ ಶುರು ಮಾಡಿದಾಗ ಓಣಿಯವರೆಲ್ಲ ಹೇಳಿದ್ದು ಒಂದೇ ಮಾತು: "ಇಲ್ಲಿ ಯಾರು ಉಳೀತಾರೆ ಮಾರಾಯ್ರೆ? ನೋಡೋಕೆ ಏನಿದೆ?" ಸಮುದ್ರ, ನದಿ, ಗುಡ್ಡ, ದ್ವೀಪ ಎಲ್ಲ ಕಣ್ಣೆದುರೇ ಇಟ್ಟುಕೊಂಡು ಹೀಗೆ ಕೇಳುವುದು ನಮ್ಮೂರಿನವರಿಗೆ ಮಾತ್ರ ಸಾಧ್ಯ. ಪ್ರವಾಸೋದ್ಯಮದ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಗಾಜಿನ ಸೇತುವೆ ಬೇಕು ಅನ್ನುತ್ತಾರೆ, ಇನ್ನೊಬ್ಬರು ರೋಪ್‌ವೇ ಅನ್ನುತ್ತಾರೆ. ನನಗೆ ಅದರಲ್ಲಿ ನಂಬಿಕೆ ಇಲ್ಲ. ಯುದ್ಧನೌಕೆ ಇತ್ತು, ಅದರ ಪಕ್ಕಕ್ಕೆ ಅರಕ್ಕೋಣಂನಿಂದ ಬಿಡಿಬಿಡಿಯಾಗಿ ತಂದ ನೌಕಾಪಡೆಯ ಹಳೆ ಟುಪೊಲೆವ್ ವಿಮಾನವೂ ಬಂತು. ಎರಡೂ ಚೆನ್ನಾಗಿವೆ. ಆದರೆ ಅವನ್ನು ನೋಡಿ ಮುಗಿಸಿದವರು ಕಾರು ಹತ್ತಿಬಿಡುತ್ತಾರೆ. ನಮಗೆ ಬೇಕಾಗಿದ್ದದ್ದು ಸಂಜೆ ನಾಲ್ಕರಿಂದ ಮರುದಿನ ಬೆಳಿಗ್ಗೆವರೆಗೆ ಜನರನ್ನು ಹಿಡಿದಿಡುವ ಏನಾದರೊಂದು. ನಾನು ಕೆಲಸ ಮಾಡಿದ್ದೆಲ್ಲ ಆ ಹೊತ್ತಿನ ಮೇಲೆ.

ಶುರು ಮಾಡಿದ್ದು ರೈಲಿನಿಂದ. ಬೆಂಗಳೂರಿನ ಪಂಚಗಂಗಾ ಎಕ್ಸ್‌ಪ್ರೆಸ್ ಬೆಳಿಗ್ಗೆ ಬರುತ್ತದೆ. ಸ್ಟೇಷನ್ ಇರುವುದು ಶಿರವಾಡದಲ್ಲಿ, ಊರಿಂದ ಆಚೆ. ರಾತ್ರಿಯೆಲ್ಲ ಪ್ರಯಾಣ ಮಾಡಿ ಇಳಿದವರು ಮೊದಲು ಆಟೊ ರೇಟಿಗೆ ಜಗಳ ಆಡಬೇಕು, ಆಮೇಲೆ ಲಾಡ್ಜ್ ಬಾಗಿಲಲ್ಲಿ ಹನ್ನೆರಡು ಗಂಟೆವರೆಗೆ ಕಾಯಬೇಕು. ಊರಿನ ಬಗ್ಗೆ ಒಳ್ಳೆ ಮಾತು ಎಲ್ಲಿಂದ ಬರಬೇಕು? ನಾನು ರೂಮು ಖಾಲಿ ಇಲ್ಲದಿದ್ದರೂ ಬಂದ ತಕ್ಷಣ ಸ್ನಾನಕ್ಕೆ ಬಿಸಿನೀರು, ತಿನ್ನೋಕೆ ಭಾಜಿ-ಪಾವ್ ಅಂತ ಗೊತ್ತುಮಾಡಿದೆ. ಹಿತ್ತಿಲಲ್ಲಿ ಒಂದು ಹೆಚ್ಚಿನ ಬಾತ್‌ರೂಮ್ ಕಟ್ಟಿಸಿದ್ದು ಬಿಟ್ಟರೆ ಇದಕ್ಕೆ ಅಂಥ ಖರ್ಚೇನೂ ಬೀಳಲಿಲ್ಲ.

ಆಟೊದವರ ಜೊತೆ ಮಾತ್ರ ಕಷ್ಟವಾಯಿತು. ರೇಟು ಮೊದಲೇ ಗೊತ್ತುಮಾಡೋಣ ಅಂದರೆ ಯಾರೂ ಒಪ್ಪಲಿಲ್ಲ. ನ್ಯಾಯವೇ, ಅಷ್ಟು ದೂರದಿಂದ ಖಾಲಿ ವಾಪಸ್ ಬರಬೇಕಲ್ಲ. ಮಳೆಗಾಲದಲ್ಲಿ ಬಾಡಿಗೆ ಇಲ್ಲದ ದಿನಗಳಲ್ಲಿ ಒಬ್ಬರು ಒಪ್ಪಿದರು. ನಾನು ಕೊಟ್ಟ ಮಾತು ಇಷ್ಟು: ಕರೆತರುವುದು, ಮಧ್ಯೆ ಅರ್ಧ ದಿನ ಸುತ್ತಿಸುವುದು, ಸಂಜೆ ರೈಲಿಗೆ ಬಿಡುವುದು, ಮೂರೂ ನಿಮಗೇ. ಅತಿಥಿ ರೈಲು ಹತ್ತುವ ಮೊದಲೇ ಅವರ ವಾಟ್ಸಾಪಿಗೆ ಆಟೊ ನಂಬರ್ ಮತ್ತು ರೇಟು ಹೋಗುತ್ತದೆ. ಆಮೇಲೆ ಉಳಿದ ಆಟೊದವರೂ ತಾವಾಗಿಯೇ ಬಂದು ಕೇಳಿದರು.

ಇನ್ನು ಸಂಜೆಯ ವಿಷಯ. ಬೀಚಿಗೆ ಟಾಗೋರರ ಹೆಸರು ಯಾಕೆ ಅಂತ ಕೇಳಿದರೆ "ಅವರು ಬಂದಿದ್ರಂತೆ" ಅಂತ ಹೇಳಿ ಸುಮ್ಮನಾಗುವವರೇ ಜಾಸ್ತಿ. ಬಂದದ್ದು ಹೇಗೆ ಅನ್ನುವುದರಲ್ಲೇ ಇರುವುದು ಕಥೆ. 1862ರಲ್ಲಿ ನಮ್ಮ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು. ಬ್ರಿಟಿಷರ ಕಾಲದ ನಾಗರಿಕ ಸೇವೆ ಐಸಿಎಸ್‌ಗೆ ಸೇರಿದ ಮೊದಲ ಭಾರತೀಯ ಸತ್ಯೇಂದ್ರನಾಥ ಟಾಗೋರರು ಅದೇ ಪ್ರಾಂತ್ಯದಲ್ಲಿ ನೌಕರಿಯಲ್ಲಿದ್ದರು, ಕಾರವಾರಕ್ಕೆ ಜಿಲ್ಲಾ ಜಡ್ಜ್ ಆಗಿ ಬಂದರು. 1883ರಲ್ಲಿ ಅಣ್ಣನ ಮನೆಗೆ ಬಂದ ರವೀಂದ್ರರಿಗೆ 22 ವರ್ಷ, ಇನ್ನೂ ಮದುವೆಯಾಗಿರಲಿಲ್ಲ. ಒಂದು ಬೆಳದಿಂಗಳ ರಾತ್ರಿ ದೋಣಿಯಲ್ಲಿ ಕಾಳಿ ನದಿಯ ಮೇಲಕ್ಕೆ ಹೋಗಿ, ಕೋಟೆ ಗುಡ್ಡದ ಕೆಳಗೆ ಇಳಿದು, ರೈತನೊಬ್ಬನ ಗುಡಿಸಿದ ಅಂಗಳದಲ್ಲಿ ಬುತ್ತಿ ಬಿಚ್ಚಿ ಉಂಡು, ವಾಪಸ್ ಬರುವಾಗ ಅಳಿವೆಯಲ್ಲಿ ದೋಣಿ ಬಿಟ್ಟು ಮರಳಿನ ಮೇಲೆ ನಡೆದೇ ಮನೆಗೆ ಬಂದರು. ಇದನ್ನು ಅವರೇ ಬರೆದಿಟ್ಟಿದ್ದಾರೆ.

ಇದಕ್ಕಿಂತ ಒಳ್ಳೆ ಕಾರ್ಯಕ್ರಮ ಯಾವ ಏಜೆನ್ಸಿ ಮಾಡಿಕೊಡುತ್ತದೆ? ಕತ್ತಲಲ್ಲಿ ನಾವು ದೋಣಿ ಬಿಡುವುದಿಲ್ಲ, ಹಾಗಾಗಿ ಸ್ವಲ್ಪ ಬದಲಾಯಿಸಿಕೊಂಡೆ. ಬಿಸಿಲು ಇಳಿದ ಮೇಲೆ ಸದಾಶಿವಗಡದ ಗುಡ್ಡ, ಅಲ್ಲಿಂದ ಕೆಳಗೆ ಇಳಿದು ದೋಣಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಪಕ್ಕದಲ್ಲಿ ಒಂದು ಸುತ್ತು, ಸೂರ್ಯ ಮುಳುಗುವಾಗ ಅಳಿವೆ, ಆಮೇಲೆ ಮರಳಿನ ಮೇಲೆ ನಡಿಗೆ. ಹುಣ್ಣಿಮೆ ಹತ್ತಿರ ಇದ್ದರೆ ನಡಿಗೆ ಉದ್ದವಾಗುತ್ತದೆ. ಕಥೆಯನ್ನು ನಾನು ದೋಣಿಯಲ್ಲೇ ಹೇಳುತ್ತೇನೆ. ಟಾಗೋರರು ತಾವು ಕಂಡದ್ದು ಶಿವಾಜಿಯ ಕೋಟೆ ಅಂತ ಬರೆದಿದ್ದಾರೆ. ಸದಾಶಿವಗಡವನ್ನು ಕಟ್ಟಿಸಿದ್ದು ಸೋದೆ ಅರಸರು, 18ನೇ ಶತಮಾನದಲ್ಲಿ. ಕೋಲ್ಕತ್ತಾದಿಂದ ಬಂದವರಿಗೆ ಇದನ್ನು ಹೇಳಿದರೆ ಅರ್ಧ ಗಂಟೆ ವಾದ ಗ್ಯಾರಂಟಿ. ಇರಲಿ, ವಾದ ಮಾಡಿದವರೇ ಆಮೇಲೆ ನೆಂಟರನ್ನೂ ಕಳಿಸಿದ್ದಾರೆ.

ದೋಣಿ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. 2019ರ ಜನವರಿಯಲ್ಲಿ ಕೂರ್ಮಗಡ ದ್ವೀಪದ ಜಾತ್ರೆಗೆ ಹೋದವರ ದೋಣಿ ವಾಪಸ್ ಬರುವಾಗ ಮಗುಚಿ ಜನ ಸತ್ತರು. ಊರು ಅದನ್ನು ಮರೆತಿಲ್ಲ. ಲೈಫ್ ಜಾಕೆಟ್ ಹಾಕದಿದ್ದರೆ ನಮ್ಮ ದೋಣಿ ಹೊರಡುವುದಿಲ್ಲ, ದೋಣಿ ನಡೆಸುವವರೂ ಹಾಕಬೇಕು. "ನಮಗೆ ಈಜು ಬರೂದಿಲ್ವಾ?" ಅಂತ ಅವರು ನಕ್ಕರು. ನೀವು ಹಾಕಿದರೆ ಮಾತ್ರ ಪ್ಯಾಟೆಯವರು ಹಾಕ್ತಾರೆ ಅಂದೆ. ಅದು ನಿಜವೂ ಆಯಿತು. ಡಾಲ್ಫಿನ್ ತೋರಿಸ್ತೇವೆ ಅಂತ ಮಾತು ಕೊಡುವುದನ್ನೂ ನಿಲ್ಲಿಸಿದೆವು. ಕಂಡರೆ ಲಾಭ, ಕಾಣದಿದ್ದರೆ ದುಡ್ಡು ವಾಪಸ್ ಕೇಳುವವರಿಲ್ಲ.

ಬೆಳಿಗ್ಗೆಗೆ ಬಲೆ ಇದೆ. ಮಳೆಗಾಲ ಕಳೆದ ಮೇಲೆ ದಂಡೆಯಲ್ಲಿ ಬಲೆ ಎಳೆಯುವುದನ್ನು ನೋಡಿದ್ದೀರಾ? ದೋಣಿಯವರು ಸಮುದ್ರದಲ್ಲಿ ಅರ್ಧ ಚಂದ್ರದ ಹಾಗೆ ಬಲೆ ಬಿಟ್ಟು ಬರುತ್ತಾರೆ. ಎರಡೂ ತುದಿಯ ಹಗ್ಗ ದಂಡೆಯಲ್ಲಿ, ಒಂದೊಂದಕ್ಕೂ ಒಂದು ಸಾಲು ಜನ. ಎಳೆಯುತ್ತಾ ಎಳೆಯುತ್ತಾ ಎರಡೂ ಸಾಲು ಹತ್ತಿರ ಬರುತ್ತವೆ. ಬಲೆಯ ಹೊಟ್ಟೆ ನೀರಿನಿಂದ ಮೇಲೆ ಬರುವ ಮೊದಲೇ ಕಾಗೆ, ಹದ್ದು ಬಂದಿರುತ್ತವೆ. ಒಮ್ಮೆ ಬೆಂಗಳೂರಿನ ಒಂದು ಮನೆಯವರು ಸುಮ್ನೆ ನೋಡುತ್ತಾ ನಿಂತಿದ್ದರು. ಸಾಲಿನ ಕೊನೆಯಲ್ಲಿದ್ದ ಅಜ್ಜ "ಬನ್ನಿ, ಹಿಡೀರಿ" ಅಂದರು. ಅಪ್ಪ, ಅಮ್ಮ, ಇಬ್ಬರು ಹುಡುಗರು ಎಲ್ಲರೂ ಹಗ್ಗ ಹಿಡಿದರು. ಕೈ ಕೆಂಪಾಯಿತು, ಪ್ಯಾಂಟು ಒದ್ದೆಯಾಯಿತು. ಕೊನೆಗೆ ಅವರ ಪಾಲಿಗೆ ಅಂತ ನಾಲ್ಕು ಬಂಗಡೆ ಸಿಕ್ಕಿತು. ಆ ಬಂಗಡೆಗೆ ನಮ್ಮ ಮನೆಯಲ್ಲಿ ತಿರಫಳ ಅನ್ನುವ ಮಸಾಲೆ ಕಾಯಿ ಹಾಕಿ ಸಾರು ಮಾಡಿದೆವು, ಜೊತೆಗೆ ಕೋಕಂನ ಸೋಲ್ ಕಡಿ. ಆ ಹುಡುಗರು ಯುದ್ಧನೌಕೆ ನೋಡಿದ್ದರ ಬಗ್ಗೆ ಒಂದು ಮಾತೂ ಆಡಲಿಲ್ಲ.

ಇದನ್ನು ಪ್ಯಾಕೇಜಿಗೆ ಸೇರಿಸೋಣ ಅಂತ ದೋಣಿಯ ಮುಖಂಡರಾದ ತಾಂಡೇಲರ ಹತ್ತಿರ ಕೇಳಿದೆ. "ಮೀನು ಬಂದಾಗ ಬಲೆ ಬಿಡ್ತೇವೆ. ನಿಮ್ಮ ಗಿರಾಕಿ ಬಂದಾಗ ಅಲ್ಲ" ಅಂದರು. ಸರಿಯಾಗಿಯೇ ಹೇಳಿದರು. ಈಗ ಅತಿಥಿಗಳಿಗೆ ಅದೃಷ್ಟ ಇದ್ದರೆ ಸಿಗುತ್ತದೆ ಅನ್ನುತ್ತೇನೆ, ದುಡ್ಡು ತೆಗೆದುಕೊಳ್ಳುವುದಿಲ್ಲ. ಬಲೆ ಇಲ್ಲದ ದಿನ ಮೀನು ಮಾರ್ಕೆಟ್‌ಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಫೋಟೊ ತೆಗೆಯುವ ಮೊದಲು ಮೀನು ಮಾರುವ ಅಕ್ಕನವರನ್ನು ಕೇಳಬೇಕು, ಇದೊಂದು ನಿಯಮ. ಕೇಳದೆ ತೆಗೆದರೆ ಕೊಂಕಣಿಯಲ್ಲಿ ಏನೇನು ಕೇಳಬೇಕಾಗುತ್ತದೆ ಅಂತ ಗೊತ್ತಿದ್ದವರಿಗೆ ಗೊತ್ತು.

ಊರಿನ ಹೆಸರಿನ ಬಗ್ಗೆ ಎರಡು ಮಾತು. "ಕರ್ನಾಟಕದ ಕಾಶ್ಮೀರ" ಅಂತ ನಾವು ಎಲ್ಲ ಕಡೆ ಬರೆದುಕೊಳ್ಳುತ್ತೇವೆ. ಕೊಡಗಿನವರೂ ಅದನ್ನೇ ಬರೆದುಕೊಳ್ಳುತ್ತಾರೆ. ನನ್ನ ಕಾರ್ಡಿನಲ್ಲಿ ಅದಿಲ್ಲ. ನದಿ ಸಮುದ್ರ ಸೇರುವ ಜಾಗದಲ್ಲಿ ಮನೆ, ಬಾಗಿಲಿಗೆ ದೋಣಿ ಅಂತ ಮಾತ್ರ ಬರೆಸಿದ್ದೇನೆ.

ನಿಜವಾದ ಪರೀಕ್ಷೆ ಬಂದದ್ದು 2024ರಲ್ಲಿ. ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾಯಿತು. ತಿಂಗಳು ತುಂಬುವ ಮೊದಲೇ, ಆಗಸ್ಟ್ 7ರ ನಡುರಾತ್ರಿ, ಕಾಳಿಯ ಹಳೆ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿತ್ತು. ಟಿವಿಯಲ್ಲಿ ಅದೇ ದೃಶ್ಯ ಮತ್ತೆ ಮತ್ತೆ. ದಸರಾ ರಜೆಗೆ ಬುಕ್ ಮಾಡಿದವರೂ ಫೋನ್ ಮಾಡಿ ಕೇಳತೊಡಗಿದರು. "ಏನೂ ಆಗಿಲ್ಲ, ಬನ್ನಿ" ಅಂತ ಹೇಳಲು ನನ್ನ ಮನಸ್ಸು ಒಪ್ಪಲಿಲ್ಲ, ಜನ ಸತ್ತಿದ್ದರು. ಯಾವ ರಸ್ತೆ ತೆರೆದಿದೆ, ಯಾವುದು ಬಂದ್, ಹೊಸ ಸೇತುವೆ ಮೇಲೆ ಎರಡೂ ಕಡೆ ವಾಹನ ಬಿಟ್ಟಿದ್ದಾರಾ, ರೈಲು ಬಂತಾ ಅಂತ ದಿನಾ ಬೆಳಿಗ್ಗೆ ಒಂದು ಮೆಸೇಜ್ ಕಳಿಸತೊಡಗಿದೆ. ಆಟೊದವರು, ದೋಣಿಯವರು ಹೇಳಿದ್ದನ್ನು ಸೇರಿಸಿ ನಾಲ್ಕು ಸಾಲು. ಆಗಸ್ಟಿನ ಬುಕಿಂಗ್ ಎಲ್ಲ ಹೋಯಿತು. ದಸರಾದ್ದು ಬಹುಪಾಲು ಉಳಿಯಿತು. ಆ ಮೆಸೇಜನ್ನು ನನ್ನ ಅತಿಥಿಗಳಲ್ಲದವರೂ ಹಂಚಿಕೊಂಡಿದ್ದರು ಅಂತ ಆಮೇಲೆ ಗೊತ್ತಾಯಿತು. ಈಗಲೂ ಮಳೆಗಾಲದಲ್ಲಿ ಕಳಿಸುತ್ತೇನೆ.

ಮಳೆಗಾಲಕ್ಕೆ ಬರುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಸಮುದ್ರಕ್ಕೆ ಇಳಿಯುವುದಿಲ್ಲ, ಇಸವಣ, ಪಾಪ್ಲೆಟ್‌ನಂಥ ಸಮುದ್ರದ ಮೀನು ಕೇಳಬೇಡಿ. ಒಣ ಮೀನು, ನದಿಯ ತಿಸ್ರೆ (ಚಿಪ್ಪಿನ ಮೀನು), ಉಪ್ಪಿನಲ್ಲಿಟ್ಟ ಮಾವಿನಕಾಯಿ ಇರುತ್ತದೆ. ನೀರಿಗೆ ಇಳಿಯೋಕೆ ಬಿಡುವುದಿಲ್ಲ. ಇಷ್ಟು ಕೇಳಿಯೂ ಬರುವವರು ಮಳೆ ನೋಡೋಕೇ ಬರುವವರು, ಅವರಿಂದ ತಕರಾರಿಲ್ಲ. ಮೇ ತಿಂಗಳಲ್ಲಿ ಬಂದವರಿಗೆ ಅಂಕೋಲಾದ ಕರಿ ಇಶಾಡ ಮಾವು. 2023ರಲ್ಲಿ ಅದಕ್ಕೆ ಈ ಊರಿನದೇ ಹಣ್ಣು ಅನ್ನುವ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ. ಆದರೆ ರಸ್ತೆ ಬದಿಯಲ್ಲಿ ಬುಟ್ಟಿ ಇಟ್ಟು ಕೂತವರ ಹತ್ತಿರ ಕೊಂಡು ತಿಂದರೇ ರುಚಿ.

ಈಗ ನಮ್ಮ ಓಣಿಯಲ್ಲೇ ಇನ್ನೆರಡು ಮನೆಯವರು ರೂಮು ಕೊಡುತ್ತಿದ್ದಾರೆ. ಅವರಿಗೂ ಅದೇ ಆಟೊ, ಅದೇ ದೋಣಿ, ಅದೇ ಜಾಕೆಟ್ ನಿಯಮ. ನನ್ನಲ್ಲಿ ಜಾಗ ಇಲ್ಲದಿದ್ದರೆ ಅವರ ಮನೆಗೆ ಕಳಿಸುತ್ತೇನೆ, ಅವರೂ ಹಾಗೇ. ಡಿಸೆಂಬರಿನ ಕೊನೆಯ ವಾರ ಮಾತ್ರ ದೋಣಿಗೆ ಮೂರೂ ಮನೆಯವರ ನಡುವೆ ಜಗಳ ಆಗುತ್ತದೆ. ಇನ್ನೊಂದು ದೋಣಿ ಗೊತ್ತುಮಾಡೋಣ ಅಂದರೆ ಉಳಿದ ಹನ್ನೊಂದು ತಿಂಗಳು ಅದಕ್ಕೆ ಬಾಡಿಗೆ ಇರುವುದಿಲ್ಲ ಅಂತ ದೋಣಿಯವರ ತಕರಾರು.