ಕಮ್ಯುನಿಟಿ ಕಾಲೇಜಿನಿಂದ ವಿಶ್ವವಿದ್ಯಾಲಯಕ್ಕೆ: ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಯ ಸಿದ್ಧತೆ

ಅಮೆರಿಕದಲ್ಲಿ ಕಂಪ್ಯೂಟರ್ ಸೈನ್ಸ್ ಪದವಿಯ ಮೊದಲ ಎರಡು ವರ್ಷಗಳನ್ನು ಕಮ್ಯುನಿಟಿ ಕಾಲೇಜಿನಲ್ಲಿ, ಅಂದರೆ ಕಡಿಮೆ ಶುಲ್ಕದ ಸ್ಥಳೀಯ ಸರಕಾರಿ ಕಾಲೇಜಿನಲ್ಲಿ ಓದಿ, ಮೂರನೆಯ ವರ್ಷಕ್ಕೆ ವಿಶ್ವವಿದ್ಯಾಲಯ ಸೇರಿದರೆ ಖರ್ಚು ಬಹಳ ಇಳಿಯುತ್ತದೆ. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳಲ್ಲಿ ರಾಜ್ಯದ ನಿವಾಸಿಗಳಿಗೆ ಶುಲ್ಕ ಯೂನಿಟ್‌ಗೆ (ಕೋರ್ಸಿನ ಗಾತ್ರವನ್ನು ಅಳೆಯುವ ಮಾನ) 46 ಡಾಲರ್. ಆದರೆ ಕೋರ್ಸುಗಳ ಆಯ್ಕೆ ತಪ್ಪಿ ಓದು ಮೂರು ವರ್ಷಕ್ಕೆ ಎಳೆದರೆ ಆ ಉಳಿತಾಯದ ದೊಡ್ಡ ಪಾಲು ಕರಗಿಹೋಗುತ್ತದೆ. ಆದ್ದರಿಂದ ಸೇರಬೇಕೆಂದಿರುವ ಮೂರು ನಾಲ್ಕು ವಿಶ್ವವಿದ್ಯಾಲಯಗಳನ್ನು ಮೊದಲ ಸೆಮಿಸ್ಟರಿಗೂ ಮುನ್ನವೇ ಗುರುತಿಸಿ, ಅವು ಕೇಳುವ ಕೋರ್ಸುಗಳಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬರಬೇಕು.

ಕ್ಯಾಲಿಫೋರ್ನಿಯಾದಲ್ಲಿ ಈ ಲೆಕ್ಕಕ್ಕೆ 'ಅಸಿಸ್ಟ್' ಎಂಬ ಜಾಲತಾಣವೇ ಆಧಾರ. ನಿಮ್ಮ ಕಾಲೇಜು, ಸೇರಬೇಕಾದ ಕ್ಯಾಂಪಸ್ ಮತ್ತು ವಿಷಯವನ್ನು ಆರಿಸಿದರೆ, ಎಡಗಡೆ ವಿಶ್ವವಿದ್ಯಾಲಯದ ಕೋರ್ಸು, ಬಲಗಡೆ ಅದಕ್ಕೆ ಸಮನಾದ ನಿಮ್ಮ ಕಾಲೇಜಿನ ಕೋರ್ಸು ಕಾಣುತ್ತದೆ. ಕೆಲವೆಡೆ ಒಂದು ಕೋರ್ಸಿಗೆ ಬದಲಾಗಿ ನಿಮ್ಮ ಕಾಲೇಜಿನ ಎರಡು ಕೋರ್ಸುಗಳನ್ನು ಸೇರಿಸಿ ಓದಬೇಕಾಗುತ್ತದೆ. ಕೆಲವೆಡೆ ಸಮಾನ ಕೋರ್ಸೇ ಇಲ್ಲವೆಂದು ಬರೆದಿರುತ್ತದೆ. ಹಾಗೆ ಬರೆದಿದ್ದರೆ ಆ ಕೋರ್ಸು ಅಕ್ಕಪಕ್ಕದ ಬೇರೆ ಕಾಲೇಜಿನಲ್ಲಿ ಸಿಗುವುದೇ ಎಂದು ಅಂದೇ ನೋಡಿಡುವುದು ಒಳ್ಳೆಯದು. ಫ್ಲೋರಿಡಾದಲ್ಲಿ ಸರಕಾರಿ ಕಾಲೇಜು ಮತ್ತು ವಿಶ್ವವಿದ್ಯಾಲಯಗಳಿಗೆ ರಾಜ್ಯದ ಉದ್ದಗಲಕ್ಕೂ ಒಂದೇ ಕೋರ್ಸ್ ಸಂಖ್ಯಾಪದ್ಧತಿ ಇರುವುದರಿಂದ ಈ ಹುಡುಕಾಟ ಅಲ್ಲಿ ಸುಲಭ.

ಈ ವಿಷಯದಲ್ಲಿ ನಿಜವಾದ ಕಷ್ಟವಿರುವುದು ಕೋರ್ಸುಗಳ ಸರಪಳಿಯಲ್ಲಿ. ಒಂದನೆಯ ಕ್ಯಾಲ್ಕುಲಸ್ ಮುಗಿಯದೆ ಎರಡನೆಯದಿಲ್ಲ. ಪ್ರೋಗ್ರಾಮಿಂಗ್‌ನ ಆರಂಭಿಕ ಕೋರ್ಸು ಮುಗಿಯದೆ ಡೇಟಾ ಸ್ಟ್ರಕ್ಚರ್ಸ್ ಇಲ್ಲ. ಲೀನಿಯರ್ ಆಲ್ಜಿಬ್ರಾ, ಡಿಸ್ಕ್ರೀಟ್ ಗಣಿತ ಮತ್ತು ಕಂಪ್ಯೂಟರ್ ಆರ್ಗನೈಸೇಶನ್‌ಗಳಿಗೂ ತಮ್ಮ ತಮ್ಮ ಷರತ್ತುಗಳಿರುತ್ತವೆ. ಮೊದಲ ಸೆಮಿಸ್ಟರಿನಲ್ಲಿ, ಕ್ಯಾಲ್ಕುಲಸ್‌ಗೂ ಹಿಂದಿನ ಹಂತವಾದ ಪ್ರಿಕ್ಯಾಲ್ಕುಲಸ್‌ನಿಂದ ಆರಂಭಿಸುವವರು ಒಂದು ಬೇಸಿಗೆಯ ತರಗತಿಯನ್ನಾದರೂ ಗಣಿತಕ್ಕೆ ಮೀಸಲಿಡದಿದ್ದರೆ ಎರಡು ವರ್ಷ ಸಾಲದೆ ಹೋಗಬಹುದು. ಸಣ್ಣ ಕಾಲೇಜುಗಳಲ್ಲಿ ಮುಂದಿನ ಹಂತದ ಕೋರ್ಸುಗಳು ವರ್ಷಕ್ಕೊಮ್ಮೆ ಮಾತ್ರ ನಡೆಯುವುದುಂಟು; ಹಾಗಿರುವಲ್ಲಿ ಒಂದು ಸಲ ತಪ್ಪಿದರೆ ಇಡೀ ವರ್ಷ ಕಾಯಬೇಕು. ಒಂದು ಹಾಳೆಯಲ್ಲಿ ನಾಲ್ಕು ಸೆಮಿಸ್ಟರುಗಳ ಚೌಕಗಳನ್ನು ಎಳೆದು, ಕೊನೆಯ ಕೋರ್ಸನ್ನು ಮೊದಲು ಬರೆದು, ಹಿಂದಕ್ಕೆ ತುಂಬುತ್ತ ಬಂದರೆ ಎಲ್ಲಿ ಸಿಕ್ಕು ಬೀಳುತ್ತದೆಂಬುದು ತಾನಾಗಿ ತಿಳಿಯುತ್ತದೆ. ಆ ಹಾಳೆಯನ್ನು ಹಿಡಿದುಕೊಂಡೇ ವರ್ಗಾವಣೆ ಕೌನ್ಸೆಲರ್ ಅವರನ್ನು ಕಾಣಿರಿ. ಬರಿಗೈಯಲ್ಲಿ ಹೋದರೆ ಎಲ್ಲರಿಗೂ ಹೇಳುವ ಸಾಮಾನ್ಯ ಸಲಹೆಯಷ್ಟೇ ಸಿಗುತ್ತದೆ.

ಇತಿಹಾಸ, ಸಾಹಿತ್ಯ ಮೊದಲಾದ ಸಾಮಾನ್ಯ ಶಿಕ್ಷಣದ ಕೋರ್ಸುಗಳನ್ನು ಬಿಡುವಿದ್ದಲ್ಲಿ ಸೇರಿಸಿಕೊಳ್ಳಬಹುದು. ಗಣಿತ ಮತ್ತು ಪ್ರೋಗ್ರಾಮಿಂಗ್ ಬಾಕಿ ಇರುವಾಗ ಈ ಸಾಮಾನ್ಯ ಕೋರ್ಸುಗಳಿಗೆ ಮೊದಲ ಸ್ಥಾನ ಕೊಡುವುದು ಸರಿಯಲ್ಲವೆಂದೇ ನನ್ನ ದೃಢವಾದ ಅಭಿಪ್ರಾಯ.

ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ತನ್ನ ಆರು ಕ್ಯಾಂಪಸ್‌ಗಳಲ್ಲಿ, ಷರತ್ತು ಪೂರೈಸಿದವರಿಗೆ ಪ್ರವೇಶದ ಖಾತರಿ ನೀಡುತ್ತದೆ. ಬರ್ಕ್ಲಿ, ಲಾಸ್ ಏಂಜಲೀಸ್ ಮತ್ತು ಸ್ಯಾನ್ ಡಿಯೇಗೊ ಆ ಪಟ್ಟಿಯಲ್ಲಿಲ್ಲ. ಖಾತರಿ ಇರುವ ಕ್ಯಾಂಪಸ್‌ಗಳಲ್ಲಿಯೂ ಎಲ್ಲೆಡೆ ಅದು ಕಂಪ್ಯೂಟರ್ ಸೈನ್ಸಿಗೆ ಅನ್ವಯಿಸುವುದಿಲ್ಲವಾದ್ದರಿಂದ, ವಿಷಯದ ಹೆಸರನ್ನು ಹಿಡಿದು ಪರಿಶೀಲಿಸಬೇಕು. ರಾಜ್ಯದ ನಿವಾಸಿಗಳಿಗೆ ಕನಿಷ್ಠ ಜಿಪಿಎ (4ಕ್ಕೆ ಲೆಕ್ಕ ಹಾಕುವ ಸರಾಸರಿ ಅಂಕ) 2.4 ಎಂದಿದ್ದರೂ ಕಂಪ್ಯೂಟರ್ ಸೈನ್ಸಿನಲ್ಲಿ ಸ್ಪರ್ಧೆ ಬಹಳ ಮೇಲಿನ ಮಟ್ಟದ್ದು. ಖಾತರಿಯ ಅರ್ಜಿಯನ್ನು ಸೆಪ್ಟೆಂಬರ್ ತಿಂಗಳಲ್ಲಿ, ಮುಖ್ಯ ಅರ್ಜಿಯನ್ನು ನವೆಂಬರ್ ಕೊನೆಯೊಳಗೆ ಸಲ್ಲಿಸಿ, ಜನವರಿಯಲ್ಲಿ ಹೊಸ ಅಂಕಗಳನ್ನು ಸೇರಿಸಬೇಕು.

ಅರ್ಜಿಯಲ್ಲಿ ವಸಂತಕಾಲದ ಸೆಮಿಸ್ಟರಿಗೆಂದು ನಮೂದಿಸಿದ ಕೋರ್ಸನ್ನು ಪ್ರವೇಶ ಸಿಕ್ಕ ಮೇಲೆ ಸದ್ದಿಲ್ಲದೆ ಕೈಬಿಡಬೇಡಿ, ಏಕೆಂದರೆ ಸಿಕ್ಕ ಪ್ರವೇಶ ಅದನ್ನು ಮುಗಿಸುವ ಷರತ್ತಿಗೆ ಒಳಪಟ್ಟಿರುತ್ತದೆ. ಅನಿವಾರ್ಯವಾದರೆ, ಬಿಡುವ ಮೊದಲೇ ವಿಶ್ವವಿದ್ಯಾಲಯಕ್ಕೆ ಬರೆದು ತಿಳಿಸಿ.